ಏರಿಳಿತವನ್ನು ಎಲ್ಲಿ ನಿಂತು ನೋಡುವುದು?

ನನ್ನ ತಮ್ಮ ತೀರಿಕೊಳ್ಳುವ ಆರು ದಿನ ಮೊದಲು, ಒಂದು ಭಾನುವಾರ ಮಧ್ಯಾಹ್ನ, ಹಾಸನದ ನಮ್ಮ ಮನೆಗೆ ಬಂದಿದ್ದ. ಅದು 2017ರ ಜನವರಿ ತಿಂಗಳು. ಅರಕಲಗೂಡು ತಾಲ್ಲೂಕಿನಲ್ಲಿ ಬೇರೆಯವರ ಜಮೀನನ್ನು ಗುತ್ತಿಗೆಗೆ ಹಿಡಿದು ಆಲೂಗಡ್ಡೆ ಬೆಳೆಯುತ್ತಿದ್ದವನು ಅವನು. ನಮ್ಮ ಜಿಲ್ಲೆಯ ಆಲೂಗಡ್ಡೆ ಬೇಸಾಯವೆಂದರೆ ಏನೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಲಂಧರದಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗಡ್ಡೆಯನ್ನು ಸಾಲ ಮಾಡಿ ಕೊಂಡು, ಮುಂಗಾರಿನ ಮೊದಲ ಮಳೆಗೆ ಬಿತ್ತಬೇಕು. ಮಳೆ ಹೆಚ್ಚಾದರೆ ಅಂಗಮಾರಿ ರೋಗ, ಕಡಿಮೆಯಾದರೆ ಗಡ್ಡೆ ಕಟ್ಟುವುದಿಲ್ಲ, ಎರಡೂ ಹದವಾಗಿ ಬೆಳೆ ಕೈಗೆ ಬಂದರೆ ಅಷ್ಟು ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಅವನಿಗೆ ಒಂದು ವರ್ಷ ಅಂಗಮಾರಿ, ಮರುವರ್ಷ ಬರ. ಆಮೇಲೆ ನೋಟು ರದ್ದಾಗಿ ಯಾರ ಕೈಯಲ್ಲೂ ನಗದಿಲ್ಲದ ತಿಂಗಳುಗಳು.

"ಭಾಯ್, ಈ ಸಲ ಪೂರಾ ಮುಳುಗಿದೆ" ಎಂದ. ನಾನು ಕಥೆ ಬರೆಯುವವನು, ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿರುವವನು. ಬದುಕೆಂದ ಮೇಲೆ ಏರಿಳಿತ ಇದ್ದದ್ದೇ, ದಿನಗಳನ್ನು ಜನರ ನಡುವೆ ತಿರುಗಿಸುತ್ತಿರುವವನು ಅಲ್ಲಾಹನು, ಇಂದು ಕೆಳಗಿರುವವನು ನಾಳೆ ಮೇಲೆ ಬಂದೇ ಬರುತ್ತಾನೆ, ಸ್ವಲ್ಪ ವಿಶಾಲವಾಗಿ ನೋಡುವುದನ್ನು ಕಲಿ, ಸಬ್ರ್ ಮಾಡು ಎಂದೆಲ್ಲ ಹೇಳಿದೆ. ಅವನು ತಲೆಯಾಡಿಸಿದ. ಚಹಾ ಕುಡಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಏನೋ ಹೇಳಲು ತಿರುಗಿದವನು, ಹೇಳದೆ ಹೊರಟುಹೋದ. ಮುಂದಿನ ಶನಿವಾರ ತನ್ನ ಜೀವವನ್ನು ತಾನೇ ಮುಗಿಸಿಕೊಂಡ.

ಈ ಲೇಖನ ಅವನ ಸಾವಿನ ಕುರಿತದ್ದಲ್ಲ, ನನ್ನ ಆ ಮಾತಿನ ಕುರಿತದ್ದು. ನಾನು ಹೇಳಿದ್ದು ಸುಳ್ಳಲ್ಲ. ದಿನಗಳು ತಿರುಗುತ್ತವೆ, ಅದನ್ನು ನಾನು ಈಗಲೂ ನಂಬುತ್ತೇನೆ. ಹಾಗಿದ್ದರೆ ಸತ್ಯವಾದ ಮಾತೊಂದು ಒಬ್ಬ ಮನುಷ್ಯನ ಪಾಲಿಗೆ ಅಷ್ಟು ಪೊಳ್ಳಾಗಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ನನಗೆ ಸಿಕ್ಕಿದ್ದು ನಮ್ಮವರಿಂದಲ್ಲ, ಗೋಡೆಯಾಚೆಗಿನ ಒಬ್ಬ ಕ್ರೈಸ್ತ ಹೆಣ್ಣುಮಗಳಿಂದ. ಅದನ್ನು ಓದುಗರ ಮುಂದಿಡುವುದು ನನ್ನ ಉದ್ದೇಶ.

ಮಯ್ಯತ್ತಿನ ದಿನ ಮನೆ ತುಂಬ ಜನ. ಬಂದವರೆಲ್ಲ ಒಳ್ಳೆಯವರೇ. ಆದರೆ ಬಂದ ಪ್ರತಿಯೊಬ್ಬರೂ ಒಂದೊಂದು ವಿಶಾಲ ದೃಷ್ಟಿಯನ್ನು ತಂದಿದ್ದರು. ತಕ್ದೀರ್ ಎಂದರು ಕೆಲವರು. ದುಡುಕಿದ ಎಂದರು ಕೆಲವರು. ಇಂಥ ಸಾವಿಗೆ ಜನಾಝಾ ನಮಾಝ್ ಇದೆಯೋ ಇಲ್ಲವೋ ಎಂದು ಅಂಗಳದ ಮೂಲೆಯಲ್ಲಿ ಪಿಸುಗುಟ್ಟಿದವರೂ ಇದ್ದರು. ಹನಫಿ ಪಂಥದ ಪ್ರಕಾರ ಇದೆ, ನಮಾಝ್ ಆಯಿತು. ಆದರೆ ಆ ಪಿಸುಮಾತು ಅಮ್ಮಿಯ ಕಿವಿಗೆ ಬಿದ್ದಿತ್ತು. ಮುಂದೆ ಬಹಳ ದಿನ ಅವರು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ.

ಪಕ್ಕದ ಮನೆಯ ಟೀಚರಮ್ಮ ಅಂದು ಸಂಜೆ ಒಂದು ಪಾತ್ರೆಯಲ್ಲಿ ಗಂಜಿ ತಂದು ಒಳಕೋಣೆಗೆ ಹೋಗಿ ಅಮ್ಮಿಯ ಪಕ್ಕ ಚಾಪೆಯ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಮರುದಿನವೂ ಬಂದು ಕೂತರು, ಅದರ ಮರುದಿನವೂ. ಹೀಗೆ ಏಳೆಂಟು ದಿನ. ಅಮ್ಮಿ ಮೊದಲ ತುತ್ತು ಉಂಡಿದ್ದು ಅವರ ಕೈಯಿಂದ. ಅವರು ನಿವೃತ್ತ ಶಾಲಾ ಶಿಕ್ಷಕಿ, ಕ್ಯಾಥೊಲಿಕರು, ವಿಧವೆ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಸಂಜೆ ಏಳರ ಹೊತ್ತಿಗೆ ಅವರು ಜಪಸರ ಹಿಡಿದು ಪ್ರಾರ್ಥಿಸುವುದು ನಮಗೆ ಕೇಳುತ್ತದೆ, ನಮ್ಮ ಅಬ್ಬಾ ಇದ್ದಾಗ ಫಜ್ರ್‌ಗೆ ಎದ್ದು ಕೆಮ್ಮುವುದು ಅವರಿಗೆ ಕೇಳುತ್ತಿತ್ತು.

ನಾಲ್ಕೈದು ವಾರ ಕಳೆದ ಮೇಲೆ ನಾನೇ ಅವರನ್ನು ಕೇಳಿದೆ: "ಟೀಚರಮ್ಮ, ನೀವು ಒಂದು ಸಮಾಧಾನದ ಮಾತೂ ಹೇಳಲಿಲ್ಲವಲ್ಲ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಬನ ಕಥೆ ನಿಮ್ಮಲ್ಲೂ ಇದೆಯಲ್ಲಪ್ಪಾ" ಎಂದರು.

ಇದೆ. ನಮ್ಮಲ್ಲಿ ಅವರು ಪ್ರವಾದಿ ಅಯ್ಯೂಬ್, ಸಹನೆಗೆ ಇನ್ನೊಂದು ಹೆಸರು. ಆದರೆ ಬೈಬಲಿನ ಯೋಬ 42 ಅಧ್ಯಾಯಗಳ ಒಂದು ದೀರ್ಘ ಜಗಳದ ನಾಯಕ. ಮಕ್ಕಳು, ಸಂಪತ್ತು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತವನು ತನ್ನ ದೇವರನ್ನೇ ಪ್ರಶ್ನಿಸುತ್ತಾನೆ. ಅವನನ್ನು ಸಂತೈಸಲು ಮೂವರು ಗೆಳೆಯರು ಬರುತ್ತಾರೆ. ಬಂದವರು ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ. ಅಲ್ಲಿಂದ ಎಲ್ಲವೂ ಕೆಡುತ್ತದೆ. ಅವರ ಮಾತುಗಳು ಭಕ್ತಿಯ ಮಾತುಗಳೇ, ಬಹುಪಾಲು ಸರಿಯಾದ ಮಾತುಗಳೇ. ನೀನು ಏನೋ ತಪ್ಪು ಮಾಡಿರಬೇಕು, ದೇವರ ಲೆಕ್ಕ ನಿನಗೆ ತಿಳಿಯದು, ತಾಳಿಕೋ, ಮತ್ತೆ ಒಳ್ಳೆಯದಾಗುತ್ತದೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಜಗಳವಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ.

"ಅವರು ಮಾಡಿದ್ದರಲ್ಲಿ ಸರಿಯಾದದ್ದು ಆ ಏಳು ದಿನ ಮಾತ್ರ" ಎಂದರು ಟೀಚರಮ್ಮ. "ಅಷ್ಟನ್ನು ನಾವೂ ಮಾಡಬಹುದು ಅಂತ ನಮ್ಮ ತಾಯಿ ಹೇಳೋರು."

ನನಗೆ ಆ ಭಾನುವಾರದ ಮಧ್ಯಾಹ್ನ ನೆನಪಾಯಿತು. ನಾನು ಏಳು ನಿಮಿಷವೂ ಸುಮ್ಮನೆ ಕೂತಿರಲಿಲ್ಲ.

ಆ ವರ್ಷ ಏಪ್ರಿಲ್‌ನಲ್ಲಿ, ಅವರ ಪಾಸ್ಖ ಹಬ್ಬ ಕಳೆದ ವಾರ, ಟೀಚರಮ್ಮ ತಮ್ಮ ಹುಟ್ಟೂರು ನೋಡಬೇಕೆಂದರು. ನಾನು ಕರೆದುಕೊಂಡು ಹೋದೆ. ಅವರ ಹುಟ್ಟೂರು ಶೆಟ್ಟಿಹಳ್ಳಿ. ಹಾಸನದಿಂದ ಸುಮಾರು 20 ಕಿಲೋಮೀಟರ್, ಹೇಮಾವತಿಯ ಹಿನ್ನೀರಿನ ದಂಡೆ. ಅಲ್ಲಿನ ಪಾಳುಬಿದ್ದ ಜಪಮಾಲೆ ಮಾತೆಯ ಚರ್ಚನ್ನು ಈಗ ಊರೂರಿನ ಜನ ಬಂದು ಫೋಟೊ ತೆಗೆಯುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಎದ್ದು, 1979ರಲ್ಲಿ ಕೆಲಸ ಮುಗಿದು ನೀರು ನಿಂತಾಗ ಸುತ್ತಲಿನ ಹಲವು ಹಳ್ಳಿಗಳು ಮುಳುಗಿದವು, ಜನ ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋದರು. ಚರ್ಚು ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದರ ಮೇಲ್ಭಾಗವಷ್ಟೇ ಕಾಣುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಪೂರ್ತಿ ಎದ್ದು ನಿಲ್ಲುತ್ತದೆ. ಅಷ್ಟು ವರ್ಷಗಳಿಂದ ಹೀಗೆ ಮುಳುಗುತ್ತಾ ಏಳುತ್ತಾ ಇದೆ. ಚಾವಣಿ ಇಲ್ಲ, ಗೋಡೆಗಳು ಒಂದಿಷ್ಟು ಒಂದಿಷ್ಟೇ ಉದುರುತ್ತಿವೆ.

ನಾವು ಹೋದ ವರ್ಷ ಬರ. ನೆಲ ಒಡೆದು ಹೆಂಚಿನ ಹಾಗೆ ಬಿರುಕು ಬಿಟ್ಟಿತ್ತು. ಟೀಚರಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುತ್ತಾ, ಇಲ್ಲಿ ನಮ್ಮ ಕೊಟ್ಟಿಗೆ, ಇಲ್ಲಿ ಹುಣಸೆಮರ, ಈ ಕಡೆ ನಮ್ಮಜ್ಜಿಯನ್ನು ಮಣ್ಣು ಮಾಡಿದ್ದು ಎಂದು ಬರಿ ನೆಲವನ್ನು ತೋರಿಸಿದರು. ಊರು ಬಿಟ್ಟಾಗ ಅವರಿಗೆ ಇಪ್ಪತ್ತರ ಆಸುಪಾಸು. "ಬಂದ ಆಫೀಸರುಗಳು ಒಳ್ಳೇ ಮಾತೇ ಆಡಿದರಪ್ಪಾ. ದೊಡ್ಡ ದೃಷ್ಟಿಯಿಂದ ನೋಡಿ, ನಿಮ್ಮೊಂದು ಊರು ಹೋದರೆ ಎಷ್ಟೋ ಊರಿಗೆ ನೀರಾಗುತ್ತೆ ಅಂದರು. ನಿಜವೇ ಅದು. ಆದರೆ ಹೇಳಿದವರ ಮನೆ ಯಾವುದೂ ಮುಳುಗಲಿಲ್ಲ."

ನಿಜವೇ ಅದು ಎಂದು ಅವರು ಹೇಳಿದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. 37 ಟಿಎಂಸಿ ಹಿಡಿಯುವ ಆ ಜಲಾಶಯದ ನಾಲೆಗಳು ಇಲ್ಲದಿದ್ದರೆ ಹೊಳೆನರಸೀಪುರದ ಗದ್ದೆಗಳು, ಚನ್ನರಾಯಪಟ್ಟಣದ ತೆಂಗಿನ ತೋಟಗಳು ಇಂದಿನಂತೆ ಇರುತ್ತಿರಲಿಲ್ಲ. ಬಾಗೂರು ನವಿಲೆ ಸುರಂಗದ ಮೂಲಕ ಇದೇ ನೀರು ತುಮಕೂರಿನ ಕಡೆಗೂ ಹರಿಯುತ್ತದೆ. ನನ್ನ ಹೆಂಡತಿಯ ತವರು ಚನ್ನರಾಯಪಟ್ಟಣ, ಶೆಟ್ಟಿಹಳ್ಳಿ ಮುಳುಗಿದ್ದರ ಫಲವನ್ನು ನಾನೂ ಎಳನೀರಾಗಿ ಕುಡಿದಿದ್ದೇನೆ. ಆದ್ದರಿಂದ ವಿಶಾಲ ದೃಷ್ಟಿ ಎಂಬುದು ಸುಳ್ಳು ಎಂದು ವಾದಿಸುವುದು ನನಗೆ ಸಾಧ್ಯವಿಲ್ಲ. ತೊಂದರೆ ಇರುವುದು ಬೇರೆ ಕಡೆ. ಆ ದೃಷ್ಟಿಯ ಬೆಲೆಯನ್ನು ಯಾರು ತೆರುತ್ತಾರೆ? ಹೇಳುವವನೋ, ಕೇಳಿಸಿಕೊಳ್ಳುವವನೋ? ಮುಳುಗದವನು ಮುಳುಗಿದವನಿಗೆ ಕೊಡುವ ವಿಶಾಲ ದೃಷ್ಟಿ, ಅದು ಎಷ್ಟೇ ನಿಜವಾಗಿರಲಿ, ಒಂದು ಬಗೆಯ ಆಜ್ಞೆಯಾಗಿಬಿಡುತ್ತದೆ. ನನ್ನ ತಮ್ಮನಿಗೆ ನಾನು ಕೊಟ್ಟದ್ದೂ ಅದೇ. ನನ್ನ ಸಂಬಳ ಆ ತಿಂಗಳೂ ಒಂದನೇ ತಾರೀಕಿಗೆ ಬಂದಿತ್ತು.

ಬದುಕನ್ನು ವಿಶಾಲವಾಗಿ ನೋಡಬೇಕೆಂದರೆ ನಾವೆಲ್ಲ ಸಾಮಾನ್ಯವಾಗಿ ಎತ್ತರಕ್ಕೆ ಹೋಗಬೇಕೆಂದುಕೊಳ್ಳುತ್ತೇವೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ಭವ್ಯವಾದ ಜಾಗವೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಸುಮಾರು 57 ಅಡಿಯ ಬಾಹುಬಲಿಯ ಮುಂದೆ ನಿಂತರೆ, ಕೆಳಗಿನ ಕಲ್ಯಾಣಿ, ಬಸ್ಸು, ಅಂಗಡಿ, ಜನ ಎಲ್ಲ ಆಟಿಕೆಯಂತೆ ಕಾಣುತ್ತವೆ. ನಮ್ಮ ಚಿಂತೆಗಳೂ ಹಾಗೇ ಚಿಕ್ಕದಾಗುತ್ತವೆ. ಸಾವಿರ ವರ್ಷದಿಂದ ಆ ಮೂರ್ತಿ ಜನಕ್ಕೆ ಆ ನೆಮ್ಮದಿಯನ್ನು ಕೊಡುತ್ತಾ ಬಂದಿದೆ, ನನಗೂ ಕೊಟ್ಟಿದೆ. ಆದರೆ ಬಾಹುಬಲಿ ಗೆದ್ದು ಬಿಟ್ಟವನು. ರಾಜ್ಯ ಕೈಯಲ್ಲಿದ್ದಾಗ ಅದನ್ನು ತ್ಯಜಿಸಿದ್ದರಿಂದಲೇ ಅವನು ದೊಡ್ಡವನು. ನನ್ನ ತಮ್ಮನ ಹತ್ತಿರ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ಬೆಟ್ಟ ಹತ್ತುವ ಶಕ್ತಿ ಇಲ್ಲದವನು ಎಲ್ಲಿಂದ ನೋಡಬೇಕು?

ಕ್ರೈಸ್ತ ನಂಬಿಕೆ ಈ ಪ್ರಶ್ನೆಗೆ ಒಂದು ವಿಚಿತ್ರ ಉತ್ತರ ಕೊಡುತ್ತದೆ ಎಂದು ನನಗೆ ಅರ್ಥವಾದದ್ದು ಅಂದು ಆ ಒಡೆದ ನೆಲದ ಮೇಲೆ. ಅವರ ಪ್ರಕಾರ ದೇವರು ಮೇಲಿನಿಂದ ನೋಡುತ್ತಾ ಸಮಾಧಾನ ಹೇಳಲಿಲ್ಲ, ತಾನೇ ಕೆಳಗಿಳಿದು ಬಂದ, ಹಸಿದ, ಅತ್ತ, ಅವಮಾನಪಟ್ಟ, ಕೊನೆಗೆ ಶಿಲುಬೆಯ ಮೇಲೆ ತಾನೂ ಏಕಾಂಗಿಯಾದೆನೆಂದು ಕೂಗಿದ. ಎದ್ದು ಬಂದದ್ದು ಆಮೇಲೆ. ಮುಳುಗಿದವನ ಪಕ್ಕದಲ್ಲಿ ನಿಂತು ನೋಡುವ ದೇವರು ಅವರ ದೇವರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮುಸಲ್ಮಾನನಾಗಿ ನಾನು ಇದನ್ನು ನಂಬುವುದಿಲ್ಲ. ಅಲ್ಲಾಹನು ಮನುಷ್ಯ ರೂಪ ತಾಳುವವನಲ್ಲ, ಈಸಾ ಅಲೈಹಿಸ್ಸಲಾಮ್ ಶಿಲುಬೆಗೇರಲಿಲ್ಲ ಎಂಬುದು ನಮ್ಮ ವಿಶ್ವಾಸ. ಟೀಚರಮ್ಮನಿಗೂ ಇದು ಗೊತ್ತು. ಸೌಹಾರ್ದದ ಹೆಸರಿನಲ್ಲಿ ಈ ಭೇದವನ್ನು ಮುಚ್ಚಿಡುವುದು ಇಬ್ಬರಿಗೂ ಮಾಡುವ ಅವಮಾನ. ಆದರೆ ನಾನು ಒಪ್ಪದ ಒಂದು ನಂಬಿಕೆ, ನಾನು ಒಪ್ಪುವ ನನ್ನದೇ ಗ್ರಂಥದಲ್ಲಿ ನಾನು ಗಮನಿಸದೇ ಬಿಟ್ಟಿದ್ದನ್ನು ತೋರಿಸಿಕೊಟ್ಟರೆ, ಅದಕ್ಕೆ ಕೃತಜ್ಞನಾಗಿರಬೇಡವೇ?

ಅಂದು ರಾತ್ರಿ ಮನೆಗೆ ಬಂದು ಸೂರಾ ಮರ್ಯಮ್ ತೆರೆದೆ. ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಹೆರಿಗೆ ನೋವಿನಲ್ಲಿ ಒಬ್ಬಂಟಿಯಾಗಿ ಖರ್ಜೂರದ ಮರಕ್ಕೆ ಒರಗಿದ ಮರ್ಯಮ್, ಇದಕ್ಕಿಂತ ಮೊದಲೇ ಸತ್ತು ಎಲ್ಲರ ನೆನಪಿನಿಂದ ಅಳಿಸಿಹೋಗಿದ್ದರೆ ಚೆನ್ನಿತ್ತು ಎಂದು ಹಲುಬುತ್ತಾರೆ. ಸಾವನ್ನು ಬಯಸಿದ ಆ ಮಾತಿಗೆ ಕುರ್‌ಆನ್ ಅವರನ್ನು ಗದರಿಸುವುದಿಲ್ಲ. ಸಬ್ರ್‌ನ ಉಪದೇಶವನ್ನೂ ಮಾಡುವುದಿಲ್ಲ. ಒಂದು ಧ್ವನಿ ಅವರನ್ನು ಕರೆಯುತ್ತದೆ. ಅದು ಬರುವುದು ಅವರ ಕೆಳಗಿನಿಂದ. ಅದು ದೇವಚರನ ಧ್ವನಿ ಎಂದು ಕೆಲವು ವ್ಯಾಖ್ಯಾನಕಾರರು, ಆಗ ತಾನೇ ಹುಟ್ಟಿದ ಮಗುವಿನದು ಎಂದು ಇನ್ನು ಕೆಲವರು. ಯಾರದೇ ಇರಲಿ, ದುಃಖಿಸಬೇಡ ಎಂದು ಹೇಳಿದ ಧ್ವನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಲಬುಡದಲ್ಲಿ ತೊರೆ ಇರುವುದನ್ನು ತೋರಿಸುತ್ತದೆ, ಮರವನ್ನು ಅಲುಗಿಸಿದರೆ ಹಣ್ಣು ಬೀಳುತ್ತದೆಂದು ಹೇಳುತ್ತದೆ, ತಿನ್ನು ಕುಡಿ ಎನ್ನುತ್ತದೆ. ಅಯ್ಯೂಬರ ಪ್ರಸಂಗದಲ್ಲೂ ಹಾಗೆಯೇ. ಕಾಲಿನಿಂದ ನೆಲಕ್ಕೆ ಒದೆಯಲು ಹೇಳಲಾಗುತ್ತದೆ, ತಣ್ಣನೆಯ ನೀರು ಅಲ್ಲೇ ಚಿಮ್ಮುತ್ತದೆ. ಎರಡೂ ಕಡೆ ಮೊದಲು ಸಿಗುವುದು ನೀರು, ಅದೂ ಬಿದ್ದ ಜಾಗದಲ್ಲೇ, ಕೆಳಗಿನಿಂದಲೇ. ಟೀಚರಮ್ಮ ಅಮ್ಮಿಗೆ ಗಂಜಿ ತಂದದ್ದು ನನಗೆ ಆಗ ಬೇರೆಯೇ ಆಗಿ ಕಂಡಿತು.

ನಾನು ಏಳನೇ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ. ಕನ್ನಡದಲ್ಲಿ ಏರಿಳಿತ ಎನ್ನುತ್ತೇವೆ, ಏಳುಬೀಳು ಎನ್ನುತ್ತೇವೆ. ಎರಡರಲ್ಲೂ ಏರುವುದು, ಏಳುವುದು ಮೊದಲು. ಉರ್ದುವಿನಲ್ಲಿ ನಶೇಬ್-ಓ-ಫರಾಝ್, ಆಡುಮಾತಿನಲ್ಲಿ ಉತಾರ್ ಚಢಾವ್. ಅಲ್ಲಿ ಇಳಿಜಾರು ಮೊದಲು, ಎತ್ತರ ಆಮೇಲೆ. ಭಾಷೆ ಇದನ್ನು ಯೋಚಿಸಿ ಮಾಡಿದ್ದಲ್ಲದಿರಬಹುದು. ಆದರೂ ಎಣಿಕೆಯನ್ನು ಕೆಳಗಿನಿಂದ ಶುರುಮಾಡಬಹುದು ಎಂಬ ಸೂಚನೆ ನನ್ನ ಮನೆಮಾತಿನಲ್ಲೇ ಇತ್ತು.

ಟೀಚರಮ್ಮನ ಜಪಸರದ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಶೆಟ್ಟಿಹಳ್ಳಿಯ ಚರ್ಚು ಅದರ ಹೆಸರಿನದೇ. ನಮ್ಮ ತಸ್ಬೀಹ್‌ನಲ್ಲಿ ಅಲ್ಲಾಹನ ಸ್ಮರಣೆಯ ಪದಗಳನ್ನು ಎಣಿಸುತ್ತೇವೆ. ಅವರ ಜಪಸರದಲ್ಲಿ ಪ್ರಾರ್ಥನೆಯ ಜೊತೆಗೆ ಮರಿಯಮ್ಮ ಮತ್ತು ಯೇಸುವಿನ ಜೀವನದ ಘಟನೆಗಳನ್ನು ಐದೈದಾಗಿ ನೆನೆಯುತ್ತಾರೆ. ಸಂತೋಷದ ಐದು, ದುಃಖದ ಐದು, ಮಹಿಮೆಯ ಐದು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಬೆಳಕಿನ ಐದನ್ನು ಸೇರಿಸಿದರು. ಯಾವ ವಾರ ಯಾವುದೆಂದು ಮೊದಲೇ ಗೊತ್ತುಮಾಡಲಾಗಿದೆ. ಸೋಮವಾರ ಮತ್ತು ಶನಿವಾರ ಸಂತೋಷದ್ದು, ಮಂಗಳವಾರ ಮತ್ತು ಶುಕ್ರವಾರ ದುಃಖದ್ದು. ನಮ್ಮ ಮನಸ್ಸು ಹೇಗಿದೆ ಎಂದು ವಾರ ಕೇಳುವುದಿಲ್ಲ.

"ನಿಮ್ಮ ತಮ್ಮ ಹೋದದ್ದು ಶನಿವಾರ" ಎಂದರು ಟೀಚರಮ್ಮ. "ಗೋಡೆಯಾಚೆ ನಿಮ್ಮ ತಾಯಿ ಅಳೋದು ಕೇಳ್ತಿತ್ತು. ನಾನು ಸಂತೋಷದ ಜಪ ಹೇಗೆ ಹೇಳಲಿ? ಆದರೂ ಹೇಳಿದೆ. ಸಂತೋಷದ ಐದರಲ್ಲಿ ಕೊನೆಯದು ಏನು ಗೊತ್ತಾ? ಹನ್ನೆರಡು ವರ್ಷದ ಮಗು ಕಳೆದುಹೋಗಿ ಮೂರು ದಿನ ಆದಮೇಲೆ ಸಿಕ್ಕಿದ್ದು. ಆ ಮೂರು ದಿನ ತಾಯಿ ಹೇಗಿದ್ದಳೋ ಅಂತ ಅಲ್ಲೇ ನಿಂತೆ. ಮುಂದೆ ಹೋಗಲಿಲ್ಲ."

ವಿಶಾಲ ದೃಷ್ಟಿ ಎಂದರೆ ಇದೇ ಇರಬಹುದೇ? ನನ್ನ ದುಃಖವನ್ನು ಚಿಕ್ಕದು ಮಾಡಿಕೊಳ್ಳುವುದಲ್ಲ, ಇನ್ನೊಬ್ಬರ ದುಃಖ ಸಂತೋಷಗಳ ಪಕ್ಕದಲ್ಲಿ ಅದಕ್ಕೆ ಜಾಗ ಕೊಡುವುದು. ಮನೆಯಲ್ಲಿ ಮದುವೆ ಇದ್ದರೂ ಮಂಗಳವಾರ ಯಾರದೋ ನೋವನ್ನು ನೆನೆಯಬೇಕು, ಮನೆಯಲ್ಲಿ ಸಾವಿದ್ದರೂ ಸೋಮವಾರ ಯಾರದೋ ಮಗು ಹುಟ್ಟಿದ್ದನ್ನು ನೆನೆಯಬೇಕು. ಪ್ರತಿದಿನ ಇದನ್ನು ಮಾಡುತ್ತಾ ಬಂದವರಿಗೆ ಪಕ್ಕದ ಮನೆಯ ಅಳು ಅಷ್ಟು ಬೇಗ ಕೇಳಿಸುವುದು ಸಹಜ.

ಹಾಗೆಂದು ಅವರ ಧರ್ಮವನ್ನು ನಾನು ಆದರ್ಶವಾಗಿಸುತ್ತಿಲ್ಲ. ಅಮ್ಮಿಯನ್ನು ಕೊರೆಯುತ್ತಿದ್ದ ಆ ಪಿಸುಮಾತಿನ ಸಂಗತಿ ಹೇಳಿದಾಗ ಟೀಚರಮ್ಮನೇ ಅಂದರು: "ನಮ್ಮಲ್ಲಿ ಇನ್ನೂ ಕಠಿಣ ಇತ್ತು. ಹಾಗೆ ಸತ್ತವರಿಗೆ ಚರ್ಚಿನಲ್ಲಿ ಅಂತ್ಯಕ್ರಿಯೆಯೇ ಇರಲಿಲ್ಲ." ಕ್ಯಾಥೊಲಿಕ್ ಧರ್ಮಸಭೆಯ 1917ರ ಕಾನೂನಿನಲ್ಲಿದ್ದ ಆ ನಿಷೇಧ 1983ರ ಹೊಸ ಸಂಹಿತೆಯಲ್ಲಿ ಕೈಬಿಟ್ಟಿತು. ಅಂಥವರ ಮುಕ್ತಿಯ ಬಗ್ಗೆ ನಿರಾಶರಾಗಬಾರದೆಂದು ಈಗಿನ ಅವರ ಧರ್ಮೋಪದೇಶ ಹೇಳುತ್ತದೆ. ಹಾಗೆಂದರೆ ಧರ್ಮಗಳೂ ಬಿದ್ದವರ ಹತ್ತಿರ ಬರಲು ಕಾಲ ತೆಗೆದುಕೊಳ್ಳುತ್ತವೆ. ಟೀಚರಮ್ಮ ಈ ಮಾತನ್ನು ಅಮ್ಮಿಗೂ ಹೇಳಿದರು. ಅಮ್ಮಿ ಕೇಳಿದ್ದು ಒಂದೇ: "ಹಾಗಾದರೆ ಮೊದಲು ಸತ್ತವರ ತಾಯಂದಿರು ಏನು ಮಾಡಿದರು?" ಅದಕ್ಕೆ ಇಬ್ಬರಲ್ಲೂ ಉತ್ತರವಿರಲಿಲ್ಲ.

ನಮ್ಮ ಜಿಲ್ಲೆಯ ಕ್ರೈಸ್ತರ ಚರಿತ್ರೆಯೇ ಇಂಥ ಏರಿಳಿತದ್ದು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯ ಅನೇಕ ಕ್ರೈಸ್ತರು ಬಲವಂತದಿಂದ ಮತ ಬದಲಿಸಬೇಕಾಯಿತು, ಇದನ್ನು ಹೇಳಲು ನಾವು ಹಿಂಜರಿಯಬಾರದು. 1799ರ ನಂತರ ಅವರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಆಬೆ ದ್ಯುಬುವಾ. ಜನ ಅವರನ್ನು ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರು. ಹಾಸನದ ಹತ್ತಿರದ ಸತ್ತಿಹಳ್ಳಿಯಲ್ಲಿ ಬೇಸಾಯಗಾರ ಕ್ರೈಸ್ತರ ನೆಲೆಯನ್ನು ರೂಪಿಸಿದರು, ಸಿಡುಬಿನ ಲಸಿಕೆಯನ್ನು ಈ ಸೀಮೆಯಲ್ಲಿ ಹರಡಿದರು. ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಮರಳಿದಾಗ ಅವರಿಗಿದ್ದದ್ದು ಸೋಲಿನ ಭಾವ. ಈ ದೇಶದಲ್ಲಿ ತಮ್ಮ ಧರ್ಮಪ್ರಚಾರಕ್ಕೆ ಭವಿಷ್ಯವಿಲ್ಲವೆಂದು ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದರು. ಅವರು 1848ರಲ್ಲಿ ತೀರಿಕೊಂಡರು. ಸೋತೆನೆಂದು ಹೋದ ಮನುಷ್ಯ ಕಟ್ಟಿದ ಊರಿನಲ್ಲಿ ಇಂದಿಗೂ ಗಂಟೆ ಬಾರಿಸುತ್ತದೆ. ಅದನ್ನು ಅವರು ಕೇಳಲಿಲ್ಲ. ತನ್ನ ಬದುಕಿನ ಪೂರ್ತಿ ಚಿತ್ರ ಯಾರಿಗೂ ತಾನಿದ್ದಾಗ ಕಾಣುವುದಿಲ್ಲ. ಆದ್ದರಿಂದಲೇ ಇನ್ನೊಬ್ಬರ ಬದುಕಿನ ಪೂರ್ತಿ ಚಿತ್ರ ನನಗೆ ಕಂಡಿದೆ ಎಂಬಂತೆ ಮಾತಾಡುವುದು ಅಹಂಕಾರ.

2018ರ ಜುಲೈನಲ್ಲಿ ಒಳ್ಳೆಯ ಮಳೆಯಾಗಿ ಜಲಾಶಯ ತುಂಬಿತು. ಟೀಚರಮ್ಮನ ಕೊಟ್ಟಿಗೆ, ಹುಣಸೆಮರ, ಅಜ್ಜಿಯ ಸಮಾಧಿ ಮತ್ತೆ ನೀರಿನಡಿಗೆ ಹೋದವು. ಅದೇ ನೀರು ಹೊಳೆನರಸೀಪುರದ ಕಡೆ ನಾಟಿಗೆ ಹರಿಯಿತು. ಈಗ ಟೀಚರಮ್ಮ ಮಗನ ಜೊತೆ ಬೆಂಗಳೂರಿನಲ್ಲಿದ್ದಾರೆ. ಸಂಜೆ ಏಳಕ್ಕೆ ಗೋಡೆಯಾಚೆ ಈಗ ಟಿವಿ ಕೇಳುತ್ತದೆ.

ಆ ಭಾನುವಾರ ನಾನು ಬೇರೇನು ಹೇಳಬೇಕಿತ್ತು ಎಂದು ಈಗಲೂ ಯೋಚಿಸುತ್ತೇನೆ. ನಾನು ಸುಮ್ಮನೆ ಕೂತಿದ್ದರೆ ಅವನು ಬಾಗಿಲಲ್ಲಿ ನುಂಗಿಕೊಂಡ ಮಾತನ್ನು ಆಡುತ್ತಿದ್ದನೇ? ಆಡಿದ್ದರೆ ಉಳಿಯುತ್ತಿದ್ದನೇ? ಇದಕ್ಕೆ ಯಾವ ಗ್ರಂಥದಲ್ಲೂ ನನಗೆ ಉತ್ತರ ಸಿಕ್ಕಿಲ್ಲ, ಸಿಗಬೇಕೆಂದೂ ಇಲ್ಲ. ಮೊನ್ನೆ ಅರಕಲಗೂಡಿನಿಂದ ತಮ್ಮನ ಜೊತೆಗಾರನೊಬ್ಬ ಬಂದಿದ್ದ. ಈ ಸಲ ಅವನ ಶುಂಠಿ ಕೊಳೆತಿದೆ. ಬದುಕೆಂದ ಮೇಲೆ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. "ಊಟ ಮಾಡಿದೆಯಾ?" ಎಂದು ಕೇಳಿದೆ. ಅವನು ಉಂಡು ಮುಗಿಸುವವರೆಗೆ ಎದುರು ಕೂತಿದ್ದೆ. ಆಮೇಲೆ, "ಒಟ್ಟು ಸಾಲ ಎಷ್ಟಿದೆ? ಯಾರ್ಯಾರಿಗೆ? ಬರೆಯೋಣ ಬಾ" ಎಂದು ಒಂದು ಹಾಳೆ ತೆಗೆದುಕೊಂಡೆ.